ಗಾರೆ ಹೋಯಿತು, ಗಾರೆ ಕೆಲಸ ಅನ್ನುವ ಮಾತು ಉಳಿಯಿತು

ಮನೆಯ ಗೋಡೆ ಬಿರುಕು ಬಿಟ್ಟರೆ ನಾವು ಈಗಲೂ 'ಗಾರೆಯವರನ್ನ ಕರೀಬೇಕು' ಅನ್ನುತ್ತೇವೆ. ಬರುವವರು ಸಿಮೆಂಟ್ ಮೂಟೆ ಹೊತ್ತುಕೊಂಡೇ ಬರುತ್ತಾರೆ. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದದ್ದಕ್ಕೆ ಗಾರೆ ಅನ್ನುತ್ತಿದ್ದರು ಅನ್ನುವುದು ಕೆಲಸಕ್ಕೆ ಬರುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರದ್ದೇನೂ ತಪ್ಪಿಲ್ಲ. ಅವರು ಅದನ್ನು ಕಣ್ಣಲ್ಲೇ ನೋಡಿಲ್ಲ.

ನನಗೆ ಗೊತ್ತಿರುವುದು ತಾತನಿಂದ. ಅಮ್ಮನ ಅಪ್ಪ. ನಂಜನಗೂಡಿನ ಕಡೆಯವರು, ಗಾರೆ ಕೆಲಸ ಹುಡುಕಿಕೊಂಡು ಮೈಸೂರಿಗೆ ಬಂದವರು. ಅವರ ಕೈಬೆರಳ ತುದಿಗಳು ಸುಣ್ಣದಿಂದ ಸುಟ್ಟು ನುಣುಪಾಗಿದ್ದವು. ಬಸ್ಸಿನಲ್ಲಿ ಟಿಕೆಟ್ ಹಿಡಿದರೆ ಜಾರಿಹೋಗುತ್ತಿತ್ತು. ಅವರ ಜೊತೆ ನಾನು ಲ್ಯಾನ್ಸ್‌ಡೌನ್ ಬಿಲ್ಡಿಂಗಿಗೆ ಹೋದ ಒಂದು ದಿನ ಈಚೆಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನವರಿಗೆ ಆ ಜಾಗ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆ ಇದೆ. ಅದರ ದಕ್ಷಿಣದ ತುದಿಗೆ ಬಂದರೆ ಚಿಕ್ಕ ಗಡಿಯಾರ. 1886ರಲ್ಲಿ ವೈಸ್‌ರಾಯ್ ಡಫರಿನ್ ಬಂದು ಹೋದದ್ದರ ನೆನಪಿಗೆ ಕಟ್ಟಿಸಿದ್ದು. ಆ ಗಡಿಯಾರದ ಹತ್ತಿರವೇ, ಜಗನ್ಮೋಹನ ಅರಮನೆಗೆ ಹೋಗುವ ಕಡೆ, ಉದ್ದಕ್ಕೆ ಮಲಗಿದಂತೆ ಇರುವ ಎರಡಂತಸ್ತಿನ ಕಟ್ಟಡವೇ ಲ್ಯಾನ್ಸ್‌ಡೌನ್. ಅದೂ ಒಬ್ಬ ವೈಸ್‌ರಾಯ್ ಬಂದ ನೆನಪಿಗೇ. 1892ರಲ್ಲಿ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದಾಗ ಹತ್ತನೆಯ ಚಾಮರಾಜ ಒಡೆಯರು ಕಟ್ಟಿಸಿದರು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ನಾವು ದಸರಾದಲ್ಲಿ ದೀಪ ಹಚ್ಚಿ ನೋಡುವ ಅಂಬಾವಿಲಾಸ ಅರಮನೆ ಮುಗಿದದ್ದು 1912ರಲ್ಲಿ. ಅದಕ್ಕೆ ಮುಂಚೆ ಅಲ್ಲಿದ್ದ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿಗೆ ಬೆಂಕಿಗೆ ಹೋಯಿತು. ಅಂದರೆ ಆ ಬೆಂಕಿ ಎದ್ದಾಗ ಲ್ಯಾನ್ಸ್‌ಡೌನ್ ಕಟ್ಟಡ ಆಗಲೇ ನಿಂತಿತ್ತು. ಈಗಿನ ಅರಮನೆಗಿಂತ ಅದು ಹಿರಿಯದು. ದೊಡ್ಡ ಗಡಿಯಾರ ಬಂದದ್ದು 1927ರಲ್ಲಿ. ಅದಂತೂ ಇದಕ್ಕಿಂತ 35 ವರ್ಷ ಚಿಕ್ಕದು. ಕಟ್ಟಿಸಿದ ಚಾಮರಾಜ ಒಡೆಯರು ಹೆಚ್ಚು ದಿನ ಅದನ್ನು ನೋಡಲಿಲ್ಲ. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋದವರು ಅಲ್ಲೇ ತೀರಿಕೊಂಡರು. ಆಗ ಅವರಿಗಿನ್ನೂ 31 ವರ್ಷ.

ಬಂದು ಹೋದ ವೈಸ್‌ರಾಯ್ ಯಾರು, ಏನು ಮಾಡಿದ ಅನ್ನುವುದು ಊರಿಗೆ ಮರೆತೇಹೋಯಿತು. ಹೆಸರು ಮಾತ್ರ ನಮ್ಮದಾಗಿಬಿಟ್ಟಿತು. 'ಲ್ಯಾನ್ಸ್‌ಡೌನಲ್ಲಿ ಸಿಗುತ್ತೆ ಹೋಗು' ಅಂದರೆ ಹಳೆಯ ಪುಸ್ತಕ ಸಿಗುತ್ತದೆ ಅಂತ ಅರ್ಥ. ನನ್ನ ಮಟ್ಟಿಗೆ ಆ ಹೆಸರಿಗೆ ಬೇರೆ ಅರ್ಥವೇ ಇರಲಿಲ್ಲ.

1994ರ ಜೂನ್. ನಾನು ಪಿಯುಸಿಗೆ ಸೇರಿದ್ದೆ. ಹೊಸ ಪುಸ್ತಕ ಎಲ್ಲ ಕೊಳ್ಳುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ತಾತ ಬಂದಿದ್ದರು. 'ನಡಿ, ನಾನೂ ಬತ್ತೀನಿ' ಅಂದರು. ಮಾರುಕಟ್ಟೆ ಒಳಗಿಂದಲೇ ಹೋದೆವು. ಮಲ್ಲಿಗೆ ಮೊಗ್ಗು, ವೀಳ್ಯದೆಲೆ, ರಸಬಾಳೆ, ಗೋಪುರ ಮಾಡಿಟ್ಟ ಅರಿಶಿನ ಕುಂಕುಮ, ಊದುಬತ್ತಿ ಎಣ್ಣೆ. ಆ ಸಾಲು ದಾಟುವಾಗ ಮೂಗಿಗೆ ಒಂದಾದ ಮೇಲೊಂದು ವಾಸನೆ ಬರುತ್ತದೆ. ಕಣ್ಣು ಮುಚ್ಚಿಕೊಂಡು ನಡೆದರೂ ಎಲ್ಲಿದ್ದೇವೆ ಅಂತ ಹೇಳಬಹುದಿತ್ತು. ಹೊರಗೆ ಬಂದು ರಸ್ತೆ ದಾಟಿದರೆ ಲ್ಯಾನ್ಸ್‌ಡೌನಿನ ಪಡಸಾಲೆ. ಅಲ್ಲಿ ಹಳೆ ಕಾಗದದ ವಾಸನೆ.

ಪುಸ್ತಕದಂಗಡಿಯ ಅಣ್ಣ ಗೂಡಿನಂಥ ಮಳಿಗೆಯಲ್ಲಿ ಸ್ಟೂಲಿನ ಮೇಲೆ ಕೂತು ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತಿದ್ದರು. ಪಕ್ಕದಲ್ಲಿ ಮೈದಾ ಗೋಂದಿನ ಡಬ್ಬ. ಅದರಲ್ಲೊಂದು ಸವೆದ ಬ್ರಷ್. ಪುಸ್ತಕ ತಗೊಳ್ಳುತ್ತಿದ್ದರು, ಬೆನ್ನು ಬಗ್ಗಿಸಿ ನೋಡುತ್ತಿದ್ದರು. ಹೊಲಿಗೆ ಸಡಿಲವಾಗಿದ್ದರೆ ದಬ್ಬಳದಲ್ಲಿ ಎರಡು ತೂತು, ದಾರ, ಮೇಲೆ ಗೋಂದು, ಖಾಕಿ ಕಾಗದ. ಆಮೇಲೆ ಅದನ್ನು ಕಲ್ಲಿನ ಕೆಳಗೆ ಇಡುತ್ತಿದ್ದರು. ಪ್ರತಿ ಮೇ ತಿಂಗಳು ಅವರದ್ದು ಇದೇ ಕೆಲಸವಂತೆ. 'ಒಂದು ಪುಸ್ತಕ ಆರು ಮಕ್ಕಳಿಗೆ ಬರ್ಬೇಕು' ಅಂದರು ನನಗೆ.

ನನ್ನ ಫಿಸಿಕ್ಸ್ ಪುಸ್ತಕದ ಮೊದಲ ಹಾಳೆಯಲ್ಲಿ ಆಗಲೇ ಮೂರು ಹೆಸರುಗಳಿದ್ದವು. ಒಂದರ ಮೇಲೊಂದು ಗೆರೆ ಎಳೆದು ಮುಂದಿನವರು ತಮ್ಮ ಹೆಸರು ಬರೆದಿದ್ದರು. ಅಣ್ಣ ಮೂಲೆಯಲ್ಲಿ ಪೆನ್ಸಿಲ್ಲಿನಿಂದ '45' ಅಂತ ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತಿದರು. ಸೊನ್ನೆ ಸುತ್ತಿದರೆ, ವರ್ಷ ಮುಗಿದ ಮೇಲೆ ವಾಪಸ್ ತಂದುಕೊಟ್ಟರೆ ಅರ್ಧ ದುಡ್ಡು ಕೊಡುತ್ತೇನೆ ಅಂತ ಅರ್ಥ.

ಅಷ್ಟು ಹೊತ್ತೂ ತಾತ ಪಡಸಾಲೆಯಲ್ಲಿ ಗೋಡೆ ತಟ್ಟುತ್ತಾ ಓಡಾಡುತ್ತಿದ್ದರು. ಬೆರಳ ಗೆಣ್ಣಿನಲ್ಲಿ ಟಕ್ ಟಕ್ ಅಂತ ತಟ್ಟುವುದು, ಕಿವಿ ಹತ್ತಿರ ತರುವುದು, ಮುಂದೆ ಹೋಗುವುದು. ಜನ ನೋಡುತ್ತಿದ್ದರು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾನು ಪುಸ್ತಕ ಹಿಡಿದು ಹೋದಾಗ ನನ್ನ ಕೈ ಎಳೆದು ಅದೇ ಜಾಗಕ್ಕೆ ಇಟ್ಟರು. 'ತಟ್ಟು' ಅಂದರು. ತಟ್ಟಿದೆ. ಗಟ್ಟಿ ಸದ್ದು. ಎರಡು ಮೊಳ ಪಕ್ಕಕ್ಕೆ ಸರಿಸಿ ಮತ್ತೆ 'ತಟ್ಟು' ಅಂದರು. ಈ ಸಲ ಡೊಳ್ಳು ತಟ್ಟಿದ ಹಾಗೆ ಬಂತು.

'ಇಲ್ಲಿ ಯಾರೋ ಮೇಲಿಂದ ಸಿಮೆಂಟ್ ಮೆತ್ತವ್ರೆ ಕಣ್ ಮಗ' ಅಂದರು. 'ಸುಣ್ಣದ ಗೋಡೆ ಬೆವರುತ್ತೆ. ಬೆವರಕ್ಕೆ ಬಿಡ್ಬೇಕು. ಬಾಯಿ ಕಟ್ಟುದ್ರೆ ನೀರೆಲ್ಲ ಒಳಗೇ ನಿಂತ್ಕತದೆ.'

ಆಮೇಲೆ ತಲೆಯೆತ್ತಿ ಮೇಲೆ ತೋರಿಸಿದರು. ಮಾಳಿಗೆಯ ಅಂಚಿನಲ್ಲಿ ಒಂದು ಅರಳಿ ಸಸಿ. ಗೇಣುದ್ದ ಇತ್ತು, ನಾಲ್ಕೈದು ಎಲೆ. ತಿಳಿ ಕೆಂಪು ಚಿಗುರು ಗಾಳಿಗೆ ಅಲ್ಲಾಡುತ್ತಿತ್ತು. 'ವರ್ಷಕ್ಕೊಂದ್ಸಲ ಒಬ್ಬ ಮೇಲೆ ಹತ್ತಿ ಇದನ್ನ ಕಿತ್ತಾಕುದ್ರೆ ಸಾಕು. ಅರ್ಧ ಗಂಟೆ ಕೆಲ್ಸ. ಬೇರು ಒಳಕ್ಕೆ ಇಳ್ದ್ಮೇಲೆ ಕೀಳಕ್ಕೋದ್ರೆ ಗೋಡೆನೇ ಕಿತ್ಕಂಡು ಬತ್ತದೆ.'

ನನಗೆ ಆಗ ಅದು ಮುದುಕರ ಮಾತು ಅನ್ನಿಸಿತು. ಬಸ್ಸಿಗೆ ಹೊತ್ತಾಗುತ್ತಿತ್ತು.

ತಾತ ಗಾರೆ ಮಾಡುವುದನ್ನು ವಿವರಿಸುತ್ತಿದ್ದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ಹಾಕಿ ನೀರು ಬಿಟ್ಟರೆ ಕುದಿಯುತ್ತದೆ. ಹತ್ತಿರ ಹೋಗಬಾರದು. ತಣ್ಣಗಾದ ಮೇಲೂ ವಾರಗಟ್ಟಲೆ ಹಾಗೇ ಬಿಡಬೇಕು. ಹಳತಾದಷ್ಟೂ ಬೆಣ್ಣೆ ಹಾಗೆ ಆಗುತ್ತದೆ. ಆಮೇಲೆ ಅರೆಯುವುದು. ದುಂಡಗೆ ತೋಡಿದ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಎಳೆಯುವುದಕ್ಕೆ ಎತ್ತು. ಹಳೆಯ ದೇವಸ್ಥಾನಗಳ ಹಿತ್ತಲಲ್ಲಿ ಆ ಕಲ್ಲಿನ ಗಾಲಿ ಈಗಲೂ ಬಿದ್ದಿರುತ್ತದೆ. ನೋಡಿದವರು ಏನೋ ರುಬ್ಬುವ ಕಲ್ಲು ಅಂದುಕೊಳ್ಳುತ್ತಾರೆ. ಮರಳು, ಜರಡಿ ಹಿಡಿದ ಇಟ್ಟಿಗೆ ಪುಡಿ ಅದಕ್ಕೇ ಹಾಕಬೇಕು. ಈ ಪುಡಿಗೆ ಸುರ್ಕಿ ಅಂತ ಹೆಸರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು.

ಮಾಳಿಗೆ ಹಾಕುವುದು ಇನ್ನೂ ದೊಡ್ಡ ಕೆಲಸ. ಮದ್ರಾಸ್ ತಾರಸಿ ಅನ್ನುತ್ತಿದ್ದರು. ತೇಗದ ತೊಲೆಗಳನ್ನು ಸಾಲಾಗಿ ಇಟ್ಟು, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ನೆಟ್ಟಗೆ ನಿಲ್ಲಿಸಿ ಜೋಡಿಸಬೇಕು. ಮೇಲೆ ಇಟ್ಟಿಗೆ ಚೂರು ಬೆರೆಸಿದ ಗಾರೆ. ಆಮೇಲೆ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯಬೇಕು. ಒಬ್ಬಳು ಪದ ಹೇಳಿದರೆ ಉಳಿದವರು ಸೊಲ್ಲು. ಪದದ ತಾಳಕ್ಕೇ ಕೊಡತಿ ಬೀಳಬೇಕು. ಇಲ್ಲದಿದ್ದರೆ ಒಂದು ಕಡೆ ಗಟ್ಟಿ, ಒಂದು ಕಡೆ ಪೊಳ್ಳು. 'ಹಾಡು ನಿಂತ್ರೆ ಮಾಳಿಗೆ ಸೋರುತ್ತೆ' ಅನ್ನುತ್ತಿದ್ದರು ತಾತ.

ಇಂಥ ಕಟ್ಟಡದ ಗುಣವೇ ಬೇರೆ. ಅದು ಒಂದು ಸಲ ಕಟ್ಟಿ ಮರೆತುಬಿಡುವಂಥದ್ದಲ್ಲ. ತೊಲೆಯ ತುದಿ ಗೋಡೆಯ ಒಳಗೆ ಕೂತಿರುತ್ತದೆ. ಮಾಳಿಗೆಯ ಮೇಲೆ ನೀರು ನಿಂತು ಗೋಡೆಗೆ ಇಳಿದರೆ ಮೊದಲು ಕೊಳೆಯುವುದು ಆ ತುದಿ. ಕೆಳಗಿನಿಂದ ನೋಡಿದರೆ ತೊಲೆ ನೆಟ್ಟಗೇ ಕಾಣುತ್ತದೆ. ಸುಣ್ಣ ಬಳಿಯುತ್ತಿದ್ದರೆ, ನೀರು ಹೋಗುವ ದೋಣಿಯಲ್ಲಿ ಕಸ ತೆಗೆಯುತ್ತಿದ್ದರೆ, ಅರಳಿ ಸಸಿ ಕೀಳುತ್ತಿದ್ದರೆ ನೂರಲ್ಲ, ಇನ್ನೂರು ವರ್ಷ ನಿಲ್ಲುತ್ತದೆ. ಬಿಟ್ಟರೆ ಒಂದು ದಿನ ಯಾವ ಸೂಚನೆಯನ್ನೂ ಕೊಡದೆ ಕುಸಿಯುತ್ತದೆ.

ಆ ದಿನ 2012ರ ಆಗಸ್ಟ್ 25. ಶನಿವಾರ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ನಾಲ್ಕು ಜನ ಸತ್ತರು.

ನಾನು ಆಗ ಬೆಂಗಳೂರಿನಲ್ಲಿದ್ದೆ. ಟಿವಿಯಲ್ಲಿ ನೋಡಿದೆ. ಇಟ್ಟಿಗೆ, ಮಣ್ಣು, ಮುರಿದ ತೊಲೆಗಳು. ಮುರಿದ ಗೋಡೆಯಲ್ಲಿ ಹಗ್ಗದ ಹಾಗೆ ಜೋತುಬಿದ್ದ ಬೇರುಗಳನ್ನು ನಾನು ಕಂಡೆ ಅನ್ನಿಸಿತು. ನಿಜವಾಗಿ ಕಂಡೆನೋ, ತಾತನ ಮಾತು ನೆನಪಾಗಿ ಹಾಗನ್ನಿಸಿತೋ. ತಾತ ಆ ಹೊತ್ತಿಗೆ ಹೋಗಿ ಎಂಟು ವರ್ಷ ಆಗಿತ್ತು. ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸಿದೆ. ಬಹುಶಃ ಏನೂ ಅನ್ನುತ್ತಿರಲಿಲ್ಲ. ಸತ್ತವರ ಮನೆಯವರ ಬಗ್ಗೆ ಕೇಳುತ್ತಿದ್ದರು.

ಇದನ್ನು ಇಲ್ಲಿ ಹೇಳಲೇಬೇಕು. ಹಳೆಯ ಕಟ್ಟಡ ಉಳಿಸಿ ಅನ್ನುವ ನಮ್ಮಂಥವರು ಆ ನಾಲ್ಕು ಜನರನ್ನು ಮರೆತು ಮಾತಾಡುವ ಹಾಗಿಲ್ಲ. ಸಂಜೆ ಮನೆಗೆ ಹೋಗುತ್ತೇವೆ ಅಂದುಕೊಂಡು ಅಲ್ಲಿಗೆ ಬಂದಿದ್ದವರು ಅವರು. ಕಮಾನು ಚೆಂದ, ಕಂಬ ಚೆಂದ ಅನ್ನುವ ಮುಂಚೆ ಅದರ ಕೆಳಗೆ ದಿನವಿಡೀ ನಿಂತು ದುಡಿಯುವವರ ತಲೆ ಮೇಲೆ ಏನಿದೆ ಅಂತ ನೋಡಬೇಕು. ನಾನು ಹದಿನಾರನೇ ವಯಸ್ಸಿನಲ್ಲಿ ನೋಡಿದ್ದೆ. ಆ ಸಸಿಯನ್ನು ನನಗೆ ಬೆರಳಿಟ್ಟು ತೋರಿಸಿದ್ದರು. ಆದರೂ ಆಮೇಲೆ ಎಷ್ಟೋ ಸಲ ಅದರ ಕೆಳಗೇ ಹೋಗಿದ್ದೇನೆ, ಬಂದಿದ್ದೇನೆ. ತಲೆಯೆತ್ತಿ ನೋಡಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಕಟ್ಟಡವನ್ನು ಖಾಲಿ ಮಾಡಿಸಿದರು. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು.

ನಾಲ್ಕು ವರ್ಷ ಕಳೆಯಿತು. 2016ರ ಆಗಸ್ಟ್ 28, ಭಾನುವಾರ. ಗೌರಿ ಹಬ್ಬಕ್ಕೆ ಸರಿಯಾಗಿ ಒಂದು ವಾರ ಇತ್ತು. ಈ ಸಲ ದೇವರಾಜ ಮಾರುಕಟ್ಟೆ. ಧನ್ವಂತ್ರಿ ರಸ್ತೆ ಕಡೆಯ ಉತ್ತರ ಬಾಗಿಲಿನ ಭಾಗ ಕುಸಿಯಿತು. ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 700ಕ್ಕೂ ಹೆಚ್ಚು ಮಳಿಗೆಗಳ ಮಾರುಕಟ್ಟೆ ಅದು. ಹಬ್ಬದ ಹಿಂದಿನ ದಿನವೇ ಬಿದ್ದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಳ್ಳುವುದಕ್ಕೂ ಭಯ.

ಎರಡೂ ಆಗಸ್ಟ್ ಕೊನೆಯಲ್ಲೇ ಬಿದ್ದದ್ದನ್ನು ಗಮನಿಸಿ. ಜೂನ್‌ನಿಂದ ಸುರಿದ ಮಳೆ ಆ ಹೊತ್ತಿಗೆ ಗೋಡೆಯ ಹೊಟ್ಟೆ ಸೇರಿರುತ್ತದೆ. ತಾತ ಇದ್ದ ಕಾಲಕ್ಕೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಮಾಳಿಗೆ ಹತ್ತಿ ನೋಡುವ ರೂಢಿ ಇತ್ತು. ಪುಸ್ತಕದಂಗಡಿಯ ಅಣ್ಣ ಪುಸ್ತಕ ಹೊಲಿಯುತ್ತಿದ್ದದ್ದೂ ಮೇ ತಿಂಗಳಲ್ಲೇ. ಅವರವರ ಕೆಲಸವನ್ನು ಅವರವರು ಆ ತಿಂಗಳಲ್ಲಿ ಮುಗಿಸುತ್ತಿದ್ದರು. ಅಣ್ಣನ ತಲೆ ಮೇಲಿನ ಮಾಳಿಗೆಗೆ ಮಾತ್ರ ಹತ್ತುವವರು ಯಾರೂ ಇರಲಿಲ್ಲ.

ಯಾರ ತಪ್ಪು ಅಂತ ಕೇಳಿದರೆ ಉತ್ತರ ಸುಲಭವಿಲ್ಲ. ಬಾಡಿಗೆ ಕಡಿಮೆ ಬರುತ್ತೆ, ಖರ್ಚು ಹೇಗೆ ಮಾಡೋದು ಅನ್ನುವುದು ಒಂದು ಕಡೆಯ ಮಾತು. ರಿಪೇರಿಯೇ ಮಾಡಲ್ಲ, ಬಾಡಿಗೆ ಯಾಕೆ ಜಾಸ್ತಿ ಕೊಡೋದು ಅನ್ನುವುದು ಇನ್ನೊಂದು ಕಡೆಯ ಮಾತು. ಈ ಮಾತು ಹೋಗಿ ಬಂದು ಮಾಡುವಷ್ಟರಲ್ಲಿ ಸಸಿ ಮರವಾಗುತ್ತದೆ. ಜೊತೆಗೆ ಸುಣ್ಣದ ಕೆಲಸ ಬಲ್ಲ ಕೈಗಳೂ ಕಡಿಮೆಯಾದವು. ತಾತನ ಮಕ್ಕಳು ಯಾರೂ ಗಾರೆ ಕಲಿಯಲಿಲ್ಲ. ಕಲಿತಿದ್ದರೆ ಹೊಟ್ಟೆ ತುಂಬುತ್ತಿರಲಿಲ್ಲ. ಸಿಮೆಂಟ್ ಒಂದೇ ದಿನಕ್ಕೆ ಗಟ್ಟಿಯಾಗುತ್ತದೆ, ಯಾರು ಬೇಕಾದರೂ ಕಲಸಬಹುದು. ವಾರಗಟ್ಟಲೆ ನೆನೆಸಿ, ದಿನಗಟ್ಟಲೆ ಬಡಿಯುವುದಕ್ಕೆ ಯಾರಿಗೆ ಪುರಸೊತ್ತು?

ಆಮೇಲೆ ಸಮಿತಿಗಳು ಬಂದವು, ವರದಿಗಳು ಬಂದವು. ಒಂದು ತಜ್ಞರ ತಂಡ ಕೆಡವಿ ಹೊಸದು ಕಟ್ಟಿ ಅಂದಿತು. ಪರಂಪರೆಯ ಕಟ್ಟಡಗಳನ್ನು ಕಾಪಾಡುವುದಕ್ಕೆ ದುಡಿಯುವ ಇಂಟ್ಯಾಕ್ ಸಂಸ್ಥೆಯವರು ದುರಸ್ತಿ ಮಾಡಿ ಉಳಿಸಬಹುದು ಅಂದರು. ವಿಷಯ ಕೋರ್ಟಿಗೆ ಹೋಯಿತು. 2023ರಲ್ಲಿ ಹೈಕೋರ್ಟ್, ಎರಡೂ ಕಟ್ಟಡಗಳನ್ನು ಕೆಡವಿ ಕಟ್ಟುವುದಕ್ಕೆ ದಾರಿ ಬಿಟ್ಟಿತು. ಮುಂಚಿನ ರೂಪದಲ್ಲೇ ಹೊಸದನ್ನು ಕಟ್ಟುತ್ತೇವೆ ಅನ್ನುವ ಮಾತೂ ಇದೆ. ಅದರ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಾಂಕ್ರೀಟಿನಲ್ಲಿ ಅದೇ ಕಮಾನು, ಅದೇ ಕಂಬ ಎಬ್ಬಿಸಬಹುದು. ದೂರದಿಂದ ಫೋಟೊಗೆ ಚೆನ್ನಾಗಿಯೂ ಬರಬಹುದು. ಆದರೆ ಅದು ಲ್ಯಾನ್ಸ್‌ಡೌನ್ ಆಗಲಾರದು. ಗೋಡೆ ತಟ್ಟಿದರೆ ಬರುವ ಸದ್ದೇ ಬೇರೆ. ಬೆಂಗಳೂರಿನ ಅಠಾರ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವುವುದಕ್ಕೆ ಹೊರಟಿದ್ದರು. ಜನ ಎದ್ದು ಬೇಡ ಅಂದರು. ಇವತ್ತು ಹೈಕೋರ್ಟ್ ನಡೆಯುತ್ತಿರುವುದು ಅದೇ ಕೆಂಪು ಕಟ್ಟಡದಲ್ಲಿ. ಉಳಿಸುವುದು ಆಗದ ಕೆಲಸವೇನಲ್ಲ.

ಮೈಸೂರಿನಲ್ಲಿ ಇನ್ನೂ ಎಷ್ಟೋ ಇವೆ. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗವೂ ಕುಸಿಯಿತು. ಅದು ಓದುವ ಹುಡುಗಿಯರು ಇದ್ದ ಕಟ್ಟಡ. ಈಗ ಮೈಸೂರಿಗೆ ಹೋದಾಗಲೆಲ್ಲ ನನ್ನ ಕಣ್ಣು ತಾನಾಗೇ ಮಾಳಿಗೆಯ ಅಂಚಿಗೆ ಹೋಗುತ್ತದೆ. ಅಗ್ರಹಾರದಲ್ಲಿ, ಸಂತೇಪೇಟೆಯಲ್ಲಿ, ಆಸ್ಪತ್ರೆಯ ಮೇಲೆ, ಶಾಲೆಯ ಮೇಲೆ ಆ ತಿಳಿ ಕೆಂಪು ಚಿಗುರು ಕಂಡರೆ ಎದೆ ಧಸಕ್ಕೆನ್ನುತ್ತದೆ.

2019ರ ದಸರಾ ಸಮಯದಲ್ಲಿ ಲ್ಯಾನ್ಸ್‌ಡೌನ್ ಮುಂದೆ ನಿಂತಿದ್ದೆ. ಒಳಗೆ ಬಿಡುವುದಿಲ್ಲ. ಊರೆಲ್ಲ ದೀಪ ಹಾಕಿದ್ದರು. ಚಿಕ್ಕ ಗಡಿಯಾರಕ್ಕೂ ಹಾಕಿದ್ದರು. ಈ ಕಟ್ಟಡ ಮಾತ್ರ ಕತ್ತಲಲ್ಲಿತ್ತು. ಪಡಸಾಲೆಯ ಕಂಬಗಳು ಕಂಡವು. ನಾನು ತಟ್ಟಿದ್ದ ಗೋಡೆ ಯಾವುದು ಅಂತ ಗುರುತಿಸುವುದಕ್ಕೆ ನೋಡಿದೆ. ಆಗಲಿಲ್ಲ.

ಪುಸ್ತಕದಂಗಡಿಯ ಅಣ್ಣನನ್ನು ವಿಚಾರಿಸಿದೆ. ಹೂವಿನವರು ಹೇಳಿದರು, ಇನ್ನೊಬ್ಬರು ದಾರಿ ತೋರಿಸಿದರು. ಹತ್ತು ನಿಮಿಷ ನಡೆದರೆ ಒಂದು ಗಲ್ಲಿ. ಅಲ್ಲಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಎರಡು ಕಬ್ಬಿಣದ ರ‍್ಯಾಕು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮುಂದೆ ಮಾತ್ರ ಅದೇ ಗೋಂದಿನ ಡಬ್ಬ. ನನ್ನ ಗುರುತು ಅವರಿಗೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಸಾವಿರಾರು ಮಕ್ಕಳು ಬಂದು ಹೋಗಿದ್ದಾರೆ. 'ಗೋಡೆ ತಟ್ತಾ ಇದ್ದ ಒಬ್ಬ ಅಜ್ಜ ನೆನಪಿದ್ದಾರಾ?' ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

'ಇದ್ದಾರೆ' ಅಂದರು. 'ಗಿಡ ಕೀಳ್ಸಿ ಅಂತ ನಂಗೂ ಹೇಳಿದ್ರು. ಆಮೇಲೂ ಒಂದೆರಡ್ಸಲ ಬಂದಿದ್ರು. ನಾನು ಅರ್ಜಿನೂ ಬರ್ದಿದ್ದೆ.'

ತಾತ ಮತ್ತೆ ಹೋಗಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಅಮ್ಮನ ಮನೆಯ ಅಟ್ಟದಿಂದ ಆ ಫಿಸಿಕ್ಸ್ ಪುಸ್ತಕ ಹುಡುಕಿ ತೆಗೆದುಕೊಂಡು ಹೋದೆ. ವಾಪಸ್ ಕೊಡುವುದು ಇಪ್ಪತ್ತನಾಲ್ಕು ವರ್ಷ ತಡವಾಗಿತ್ತು. ಸಿಲಬಸ್ ಎಷ್ಟೋ ಸಲ ಬದಲಾಗಿದೆ, ಅದನ್ನು ಯಾರೂ ಕೊಳ್ಳುವುದಿಲ್ಲ. ಅಣ್ಣ ಪುಸ್ತಕ ತಗೊಂಡರು. ಮೊದಲ ಹಾಳೆ ತೆಗೆದು ಮೂಲೆಯ ಪೆನ್ಸಿಲ್ ಸೊನ್ನೆ ನೋಡಿದರು. ಬೆನ್ನು ಬಗ್ಗಿಸಿ ನೋಡಿದರು. ಹೊಲಿಗೆ ಬಿಗಿಯಾಗೇ ಇತ್ತು. ಜೇಬಿನಿಂದ ಎರಡು ಹತ್ತರ ನೋಟು ತೆಗೆದರು, ಚಿಲ್ಲರೆಗೆ ಡಬ್ಬದಲ್ಲಿ ಕೈಯಾಡಿಸಿದರು. ಒಂದೊಂದು ರೂಪಾಯಿಯ ಮೂರು ನಾಣ್ಯ ಸಿಕ್ಕವು. ಬೇಡ ಅಂದರೂ ಕೇಳಲಿಲ್ಲ, ನನ್ನ ಅಂಗೈ ಬಿಡಿಸಿ ಇಟ್ಟರು.